ನೆರವು ಬೇಕೆ: ಹೌದು / ಇಲ್ಲ

ಫೆಬ್ರವರಿ 3

ಯಾವ ಲಿಫ್ಟಿಗೆ ಯಾವತ್ತು ಗ್ರೀಸ್ ಹಚ್ಚಿದೆ, ಯಾವ ಬಾಗಿಲಿನ ಬೀಗ ಬದಲಾಯಿಸಿದೆ ಎಂದು ಬರೆಯುವುದಕ್ಕೆ ಕಂಪನಿ ಪ್ರತಿ ವರ್ಷ ಎರಡು ಲಾಗ್‌ಬುಕ್ ಕೊಡುತ್ತದೆ. ಒಂದೇ ಸಾಕಾಗುತ್ತದೆ. ಇನ್ನೊಂದರಲ್ಲಿ ನನ್ನ ತಲೆನೋವುಗಳನ್ನು ಬರೆದುಕೊಳ್ಳುತ್ತೇನೆ. ಮಧ್ಯಾಹ್ನ ಡಬ್ಬಿ ಬಿಚ್ಚುವುದು ಯಾವುದಾದರೊಂದು ಕಟ್ಟಡದ ತುತ್ತತುದಿಯ ಮೋಟಾರು ಕೋಣೆಯಲ್ಲಿ. ಅಲ್ಲಿಗೆ ಯಾರೂ ಹತ್ತಿ ಬರುವುದಿಲ್ಲ, ಯಾರೂ ಇಣುಕುವುದಿಲ್ಲ.

ಇವತ್ತಿನ ತಲೆನೋವು ಮಗಳ ಗಣಿತದ ಮೇಡಂ. ಶಾಲೆಗೆ ಬರಹೇಳಿದ್ದರು. ಏನು ಕಿತಾಪತಿ ಮಾಡಿದಳೋ ಎಂದು ಅರ್ಧ ದಿನ ರಜೆ ಹಾಕಿ ಓಡಿದೆ. ಏನೂ ಮಾಡಿಲ್ಲವಂತೆ. ಅದೇ ತೊಂದರೆಯಂತೆ. ಹತ್ತನೇ ತರಗತಿಯ ಪುಸ್ತಕವನ್ನು ಮೊದಲ ಮೂರು ತಿಂಗಳಲ್ಲೇ ಮುಗಿಸಿ, ಮುಂದಿನ ವರ್ಷದ್ದನ್ನೂ ಮುಗಿಸಿ, ಈಗ ಕ್ಲಾಸಿನಲ್ಲಿ ಕಿಟಕಿ ನೋಡುತ್ತಾ ಕೂರುತ್ತಾಳೆ. ಹೋದ ಎರಡು ಪರೀಕ್ಷೆಗಳಲ್ಲಿ ಅರ್ಧ ಪೇಪರ್ ಖಾಲಿ ಬಿಟ್ಟಿದ್ದಾಳೆ. ಬರುವುದಿಲ್ಲ ಅಂತಲ್ಲ, ಬೇಜಾರು ಅಂತ.

“ನನಗೆ ಗೊತ್ತಿರೋದು ಮುಗೀತು ಸರ್,” ಎಂದರು ಮೇಡಂ. “ಹೀಗೇ ಬಿಟ್ರೆ ಇವಳಿಗೆ ಗಣಿತದ ಮೇಲೇ ಸಿಟ್ಟು ಬಂದುಬಿಡುತ್ತೆ. ಅಂಥ ಮಕ್ಕಳನ್ನ ನಾನು ನೋಡಿದ್ದೀನಿ.”

ಬೇಸಿಗೆ ರಜೆಯಲ್ಲಿ ಇಂಥ ಮಕ್ಕಳಿಗೆಂದೇ ಗಣಿತ ವಿಜ್ಞಾನದ ಶಿಬಿರಗಳು ನಡೆಯುತ್ತವಂತೆ. ಬೇಕಾದಷ್ಟಿವೆಯಂತೆ. ಎಲ್ಲಿ ಮೇಡಂ ಎಂದರೆ ಕೈ ಬೀಸಿ ಕಿಟಕಿಯ ಹೊರಗೆ ತೋರಿಸಿದರು. ಕಿಟಕಿಯ ಹೊರಗೆ ಸೈಕಲ್ ಸ್ಟ್ಯಾಂಡ್ ಇತ್ತು.

ಫೆಬ್ರವರಿ 9

ರಜೆಯ ದಿನವಿಡೀ ಕಂಪ್ಯೂಟರಿನ ಮುಂದೆ ಕೂತು ಸೊಂಟ ಹಿಡಿದುಕೊಂಡಿತು. ಸಿಕ್ಕಿದ್ದನ್ನು ಬರೆದಿಡುತ್ತೇನೆ, ಇಲ್ಲದಿದ್ದರೆ ನಾಳೆ ನನಗೇ ನಂಬಿಕೆ ಬರುವುದಿಲ್ಲ.

ಮೊದಲನೆಯದಕ್ಕೆ ಮೂರು ವಾರಕ್ಕೆ ನನ್ನ ನಾಲ್ಕು ತಿಂಗಳ ಸಂಬಳ ಕೊಡಬೇಕು. ಅದರಲ್ಲಿ ಕುದುರೆ ಸವಾರಿಯೂ ಸೇರಿದೆ. ಕುದುರೆ ಬೇಡ, ಬರೀ ಗಣಿತ ಕೊಡಿ, ಕಡಿಮೆ ಮಾಡಿಕೊಳ್ಳಿ ಎಂದು ಬರೆಯೋಣ ಅನ್ನಿಸಿತು. ಬರೆಯಲಿಲ್ಲ. ಚೌಕಾಸಿ ಮಾಡುವುದು ನನಗೆ ಬರುವುದಿಲ್ಲ.

ಇನ್ನೊಂದು ಪೂರ್ತಿ ಉಚಿತ. ಮುಖ ಅರಳಿತು. ಕೊನೆಯ ಸಾಲಿನಲ್ಲಿ, ಇರುವೆಯಷ್ಟು ಅಕ್ಷರದಲ್ಲಿ, ಎಂಟನೇ ತರಗತಿಯವರೆಗೆ ಮಾತ್ರ ಎಂದಿತ್ತು. ಮತ್ತೊಂದಕ್ಕೆ ಫೋನ್ ಮಾಡಿದೆ, ಅದು ಹಾಸಿಗೆ ಅಂಗಡಿ. ಶಿಬಿರದವರು ಹೋದ ವರ್ಷವೇ ಜಾಗ ಖಾಲಿ ಮಾಡಿದರಂತೆ. ದಿನಕ್ಕೆ ಹತ್ತು ಜನ ಫೋನ್ ಮಾಡಿ ಜೀವ ತಿನ್ನುತ್ತೀರಿ ಎಂದು ಅಂಗಡಿಯವನು ನನಗೇ ಬೈದ.

ಕಡೆಗೊಂದು ಹತ್ತಿರದಲ್ಲೇ, ಕೈಗೆಟುಕುವ ಬೆಲೆಯಲ್ಲಿ ಸಿಕ್ಕಿತು. ಮಗಳನ್ನು ಕರೆದು ತೋರಿಸಿದೆ. ಮಕ್ಕಳು ಬಣ್ಣದ ನೊರೆ ಉಕ್ಕಿಸಿ ಚಪ್ಪಾಳೆ ತಟ್ಟುವ ಫೋಟೋ ಇತ್ತು. ಅವಳು ನೋಡಿದಳು. ನನ್ನ ಮುಖವನ್ನೂ ಒಮ್ಮೆ ನೋಡಿದಳು. “ಚೆನ್ನಾಗಿದೆ ಅಪ್ಪಾ,” ಎಂದು ಒಳಗೆ ಹೋದಳು. ಚೆನ್ನಾಗಿಲ್ಲ ಎಂದು ಹೇಳಿದ್ದರೂ ಇಷ್ಟು ಉರಿಯುತ್ತಿರಲಿಲ್ಲ.

ಫೆಬ್ರವರಿ 10

ಹಾಸಿಗೆ ಅಂಗಡಿಯವನು ವಾಪಸ್ ಫೋನ್ ಮಾಡಿದ್ದ. ಹಾಸಿಗೆ ಬೇಕಾ ಎಂದು.

ಫೆಬ್ರವರಿ 18

ಮಗಳು ತಾನೇ ಒಂದನ್ನು ಹುಡುಕಿದ್ದಾಳೆ. ಆರು ಗಂಟೆ ಬಸ್ಸು ಪ್ರಯಾಣದ ಊರಿನಲ್ಲಿ ಒಂದು ಸಂಶೋಧನಾ ಸಂಸ್ಥೆ. ನಾಲ್ಕು ವಾರ ಗಣಿತ, ಭೌತಶಾಸ್ತ್ರ. ಪಠ್ಯಪುಸ್ತಕವಿಲ್ಲ, ಪರೀಕ್ಷೆಯಿಲ್ಲ. ಸೇರಬೇಕಾದರೆ ಮಾತ್ರ ಎಂಟು ಲೆಕ್ಕ ಬಿಡಿಸಿ ಕಳಿಸಬೇಕು. ಒಂದು ವಾರದಿಂದ ಹಳೆಯ ಕ್ಯಾಲೆಂಡರಿನ ಹಾಳೆಗಳ ಹಿಂದೆ ಗೀಚುತ್ತಿದ್ದುದು ಅದನ್ನೇ ಅಂತೆ. ಆರು ಆಗಿದೆ. ಏಳನೆಯದು ಬರುತ್ತಿಲ್ಲ ಎಂದು ಹೇಳುವಾಗ ಅವಳ ಮುಖದಲ್ಲಿ ಎಂಥ ಖುಷಿ. ಬರದೆ ಇರುವುದಕ್ಕೂ ಖುಷಿಪಡುವವರನ್ನು ನಾನು ನೋಡಿರಲಿಲ್ಲ. ಇದೆಂಥ ಹುಚ್ಚೋ.

ಅರ್ಜಿ ತುಂಬುವ ಕೆಲಸ ನನ್ನದು. ನಾಲ್ಕನೇ ಪುಟದಲ್ಲಿ ಶುಲ್ಕ. ಎರಡೂವರೆ ತಿಂಗಳ ಸಂಬಳ. ಅದರ ಕೆಳಗೆ: ಆರ್ಥಿಕ ನೆರವು ಬೇಕೆ? ಹೌದು, ಇಲ್ಲ. ಹೌದು ಎಂದರೆ ಸಂಬಳದ ಚೀಟಿ ಕಳಿಸಬೇಕು, ಇಬ್ಬರು ಗಣ್ಯರಿಂದ ಪತ್ರ ತರಬೇಕು. ‘ನಿಮ್ಮ ಕುಟುಂಬದ ಪರಿಸ್ಥಿತಿಯನ್ನು ನಿಮ್ಮದೇ ಮಾತಿನಲ್ಲಿ ವಿವರಿಸಿ’ ಎಂದು ಅರ್ಧ ಪುಟ ಖಾಲಿ ಬಿಟ್ಟಿದ್ದಾರೆ.

ನನ್ನದೇ ಮಾತಿನಲ್ಲಿ ಏನೆಂದು ವಿವರಿಸಲಿ? ಇಪ್ಪತ್ತೆರಡು ವರ್ಷದಿಂದ ದುಡಿಯುತ್ತಿದ್ದೇನೆ. ಹೆಂಡತಿ ಔಷಧಿ ಅಂಗಡಿಯ ಕೌಂಟರಿನಲ್ಲಿ ದಿನಕ್ಕೆ ಒಂಬತ್ತು ಗಂಟೆ ನಿಲ್ಲುತ್ತಾಳೆ. ಇವತ್ತಿನವರೆಗೆ ಯಾರ ಮುಂದೆಯೂ ಕೈಚಾಚಿಲ್ಲ. ಮುಖ ಗೊತ್ತಿಲ್ಲದ ಯಾರೋ ಕೂತು ನಮ್ಮ ಮನೆಯ ಕಥೆ ಓದಿ ಪಾಪ ಅನ್ನಬೇಕೆ?

‘ಇಲ್ಲ’ ಎಂಬುದಕ್ಕೆ ಗುರುತು ಹಾಕಿದೆ. ಓವರ್‌ಟೈಮ್ ಮಾಡಿದರಾಯಿತು.

ಮಾರ್ಚ್ 1

ಅರ್ಜಿ ಕಳಿಸಲು ಇವತ್ತು ಕೊನೆಯ ದಿನ. ಎಂಟು ಲೆಕ್ಕವೂ ಆಗಿದೆ. ಹಾಳೆಗಳ ಫೋಟೋ ತೆಗೆದು ಏರಿಸಿದರೆ, ಫೈಲು ದೊಡ್ಡದಾಯಿತು ಎಂದಿತು. ಚಿಕ್ಕದು ಮಾಡಿದೆ. ಅಕ್ಷರ ಕಾಣುವುದಿಲ್ಲ ಎಂದಿತು. ಮಧ್ಯಮ ಮಾಡಿದೆ. ನೀವು ಬಹಳ ಹೊತ್ತು ಸುಮ್ಮನಿದ್ದಿರಿ, ಮತ್ತೆ ಮೊದಲಿನಿಂದ ಶುರುಮಾಡಿ ಎಂದಿತು. ಸುಮ್ಮನೆ ಇದ್ದವನು ನಾನಾ? ಮೂವತ್ತು ವರ್ಷದ ಹಳೆಯ ಲಿಫ್ಟು ಇದಕ್ಕಿಂತ ಮರ್ಯಾದೆಯಿಂದ ಮಾತು ಕೇಳುತ್ತದೆ.

ಐದನೇ ಸಲಕ್ಕೆ ಹೋಯಿತು. ಪ್ರತಿ ಸಲವೂ ನಾಲ್ಕನೇ ಪುಟದಲ್ಲಿ ‘ಇಲ್ಲ’ ಎಂದು ಗುರುತು ಹಾಕಬೇಕಾಯಿತು. ಐದು ಸಲ.

ಮಾರ್ಚ್ 12

ಮ್ಯಾನೇಜರು ಎಲ್ಲರನ್ನೂ ಕರೆದು ಓವರ್‌ಟೈಮ್ ನಿಲ್ಲಿಸಿದ್ದೇವೆ ಎಂದರು. ಎರಡು ದೊಡ್ಡ ಕಟ್ಟಡಗಳ ಗುತ್ತಿಗೆ ಬೇರೆ ಕಂಪನಿಗೆ ಹೋಯಿತಂತೆ. ಬಾಗಿಲು ಮುಚ್ಚುತ್ತಿದೆ, ಹಿಂದೆ ಸರಿಯಿರಿ ಎಂದು ಲಿಫ್ಟು ಹೇಳುವ ಹಾಗೆ ತಣ್ಣಗೆ ಹೇಳಿದರು.

ಮನೆಯಲ್ಲಿ ಹೇಳಲಿಲ್ಲ. ಆರುನೂರು ಮಕ್ಕಳಲ್ಲಿ ಮೂವತ್ತು ಜನರನ್ನು ತೆಗೆದುಕೊಳ್ಳುತ್ತಾರಂತೆ. ಸಿಕ್ಕಿದರೆ ತಾನೇ.

ಮಾರ್ಚ್ 28

ಸಿಕ್ಕಿತು.

ಮೇಡಂ ಶಾಲೆಯ ಕಾರಿಡಾರಿನಲ್ಲಿ ನಿಂತೇ ಕಣ್ಣೊರೆಸಿಕೊಂಡರಂತೆ. ನನ್ನ ಹೆಂಡತಿ ಅಂಗಡಿಯ ಮಾಲೀಕರಿಗೆಲ್ಲ ಹೇಳಿ ಬಂದಿದ್ದಾಳೆ. ಏಪ್ರಿಲ್ 11ರೊಳಗೆ ಶುಲ್ಕ ಕಟ್ಟದಿದ್ದರೆ ಜಾಗ ಬೇರೆಯವರಿಗೆ. ಮಗಳು ಪತ್ರವನ್ನು ತಿರುಗಿಸಿ ಮುರುಗಿಸಿ ನೋಡಿ, ನೆರವಿನ ವಿಷಯ ಇದರಲ್ಲಿ ಇಲ್ಲವಲ್ಲ, ಬೇರೆ ಪತ್ರ ಬರುತ್ತದಾ ಎಂದು ಕೇಳಿದಳು. ಬರಬಹುದು ಎಂದೆ.

ಮಾರ್ಚ್ 29

ಹೇಳಲಿಲ್ಲ.

ಮಾರ್ಚ್ 30

ಇವತ್ತೂ ಹೇಳಲಿಲ್ಲ. ಅಂಚೆ ಬಂತಾ ಎಂದು ಎರಡು ಸಲ ಕೇಳಿದಳು.

ಮಾರ್ಚ್ 31

ಹೇಳಿದೆ.

ಸಂಜೆ ಮೂವರೂ ಮೇಜಿನ ಸುತ್ತ ಕೂತಿದ್ದಾಗ, ಬೇರೆ ಪತ್ರ ಬರುವುದಿಲ್ಲ, ನಾನು ನೆರವು ಕೇಳಲೇ ಇಲ್ಲ ಎಂದೆ. ಓವರ್‌ಟೈಮ್ ನಿಂತಿದ್ದನ್ನೂ ಹೇಳಿದೆ. ಹೆಂಡತಿ ಕೈಯಲ್ಲಿದ್ದ ಲೋಟವನ್ನು ಮೆಲ್ಲಗೆ ಕೆಳಗಿಟ್ಟಳು. ಅವಳಿಗೆ ಸಿಟ್ಟು ಬಂದಾಗ ಎಲ್ಲವನ್ನೂ ಮೆಲ್ಲಗೆ ಇಡುತ್ತಾಳೆ.

ಮಗಳು ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಲೆಕ್ಕ ಕೇಳುವವಳ ಹಾಗೆ ಕೇಳಿದಳು. “ಕೇಳಿದ್ರೆ ಅವರು ಇಲ್ಲ ಅಂತಿದ್ರೋ ಏನೋ. ಅದು ಅವರು ಹೇಳಬೇಕಾದ ಮಾತು. ನೀನೇ ಯಾಕಪ್ಪಾ ಹೇಳಿದೆ?”

ಮರ್ಯಾದೆ ಎಂದೆನೋ ಏನೋ, ಸರಿಯಾಗಿ ಬಾಯಿಂದ ಹೊರಡಲಿಲ್ಲ. ಅವಳು ಎದ್ದು ತನ್ನ ಹಾಳೆಗಳನ್ನೆಲ್ಲ ಜೋಡಿಸಿ ಬೀರುವಿನೊಳಗಿಟ್ಟಳು. ಬಿಸಾಡಿದ್ದರೆ ಬೈಯಬಹುದಿತ್ತು. ಅಂಚಿಗೆ ಅಂಚು ಸೇರಿಸಿ ಇಟ್ಟಳು.

ಏಪ್ರಿಲ್ 2

ಸಂಸ್ಥೆಗೆ ಫೋನ್ ಮಾಡಿದೆ. ಹನ್ನೊಂದು ಸಲ ಪ್ರಯತ್ನಿಸಿದ ಮೇಲೆ ಒಬ್ಬಾಕೆ ಸಿಕ್ಕರು. ದನಿ ಚಿಕ್ಕ ವಯಸ್ಸಿನದು, ಮಾತು ಸರಕಾರಿ. ನೆರವಿನ ಪಟ್ಟಿ ಮುಗಿದುಹೋಗಿದೆ, ‘ಇಲ್ಲ’ ಎಂದು ಬರೆದವರ ಹೆಸರು ಆ ಪಟ್ಟಿಗೆ ಬರುವುದೇ ಇಲ್ಲ ಎಂದರು. ತಪ್ಪಾಗಿ ಬರೆದೆ ಎಂದೆ. ಐದು ಸಲ ಅರ್ಜಿ ಹಾಕಿದ್ದೀರಿ, ಐದು ಸಲವೂ ‘ಇಲ್ಲ’ ಎಂದೇ ಇದೆಯಲ್ಲ ಸರ್ ಎಂದರು. ಅದನ್ನೂ ಇಟ್ಟುಕೊಂಡಿದ್ದಾರೆ ಪುಣ್ಯಾತ್ಮರು.

ಫೋನ್ ಇಡುವಷ್ಟರಲ್ಲಿ ಆಕೆಯೇ ಒಂದು ಮಾತು ಹೇಳಿದರು. ಶುಲ್ಕದಲ್ಲಿ ಮುಕ್ಕಾಲು ಪಾಲು ಹಾಸ್ಟೆಲ್ಲಿನದು, ಊಟದ್ದು. ಆ ಊರಿನಲ್ಲಿ ನೆಂಟರ ಮನೆ ಇದ್ದರೆ ಮಗು ಅಲ್ಲಿಂದಲೇ ಬಂದು ಹೋಗಬಹುದು. ಕಾಲು ಭಾಗ ಕಟ್ಟಿದರೆ ಸಾಕು.

“ಇಲ್ಲಿ ನಿಮ್ಮವರು ಯಾರಾದ್ರೂ ಇದ್ದಾರಾ ಸರ್?”

“ಯಾರೂ ಇಲ್ಲ,” ಎಂದೆ.

ಈಗ ಮೋಟಾರು ಕೋಣೆಯಲ್ಲಿ ಕೂತು ಡಬ್ಬಿ ಬಿಚ್ಚಿ, ಹಾಗೇ ಮುಚ್ಚಿಟ್ಟೆ. ಯಾರೂ ಇಲ್ಲ ಎಂದೆ. ನನ್ನ ಸ್ವಂತ ಅಕ್ಕ ಆ ಊರಿನಲ್ಲೇ ಇದ್ದಾಳೆ.

ಏಪ್ರಿಲ್ 3

ಬರೆಯಲೇಬೇಕು. ಆರು ವರ್ಷದ ಹಿಂದೆ ನಾನು ಲಿಫ್ಟಿನ ಗುಂಡಿಯೊಳಗೆ ಬಿದ್ದು ಭುಜದ ಮೂಳೆ ಮುರಿದುಕೊಂಡು ಐದು ತಿಂಗಳು ಮನೆಯಲ್ಲಿದ್ದೆ. ಅಕ್ಕ, ಭಾವ ಹೇಳದೆ ಕೇಳದೆ ಹಣ ಕಳಿಸಿದರು. ಅಷ್ಟು ದೊಡ್ಡ ಮೊತ್ತ ನೋಡಿ ನನಗೆ ಏನಾಯಿತೋ, ಮಾರನೆಯ ದಿನವೇ ವಾಪಸ್ ಕಳಿಸಿದೆ. ಅಕ್ಕ ಫೋನ್ ಮಾಡಿದಾಗ, ನಾನಿನ್ನೂ ಸತ್ತಿಲ್ಲ, ಸತ್ತ ಮೇಲೆ ಕಳಿಸು ಎಂದುಬಿಟ್ಟೆ. ಆಮೇಲೆ ಅವಳೂ ಮಾಡಲಿಲ್ಲ, ನಾನೂ ಮಾಡಲಿಲ್ಲ.

ಮಗಳನ್ನು ನಿನ್ನ ಮನೆಯಲ್ಲಿ ಇಟ್ಟುಕೋ ಎಂದು ಈಗ ಯಾವ ಮುಖ ಹೊತ್ತು ಕೇಳುವುದು? ಬೇರೆ ದಾರಿ ಹುಡುಕಬೇಕು.

ಏಪ್ರಿಲ್ 6

ನನ್ನ ಜೊತೆಯ ಮೆಕ್ಯಾನಿಕ್ಕು ‘ಗ್ರೀಸ್’ ಇವತ್ತು ಇಡೀ ಆಫೀಸಿಗೆ ನನ್ನ ಕಥೆ ಹೇಳಿ ನಗಿಸಿದ. (ಅವನ ಅಂಗಿ ನೋಡಿದರೆ ಹೆಸರು ಯಾಕೆ ಬಂತು ಎಂದು ಯಾರೂ ಕೇಳುವುದಿಲ್ಲ.) ನಡೆದದ್ದು ಇಷ್ಟು. ಬ್ಯಾಂಕಿನ ಕಟ್ಟಡದಲ್ಲಿ ನಾಲ್ಕು ಮತ್ತು ಐದನೇ ಮಹಡಿಯ ನಡುವೆ ಲಿಫ್ಟು ನಿಂತಿತ್ತು. ಒಳಗೆ ಐದು ಜನ. ಗ್ರೀಸ್ ಮೇಲೆ ಹೋಗಿ ಬ್ರೇಕ್ ಬಿಡಿಸುವವರೆಗೆ ನಾನು ಹೊರಗಿನಿಂದ ಅವರಿಗೆ ಧೈರ್ಯ ಹೇಳಬೇಕು, ಅದು ನಿಯಮ. ಧೈರ್ಯ ಹೇಳಿ ಮುಗಿಯಿತು. ಬ್ರೇಕ್ ಬಿಡಲಿಲ್ಲ. ಬಾಗಿಲಿನ ಸಂದಿಗೆ ಬಾಯಿಟ್ಟು ಆ ಊರಿನ ಹೆಸರು ಹೇಳಿ, ಹದಿನೈದು ವರ್ಷದ ಹುಡುಗಿ ನಾಲ್ಕು ವಾರ ಉಳಿಯುವುದಕ್ಕೆ ನಂಬಿಕಸ್ತ ಜಾಗ ಯಾರಿಗಾದರೂ ಗೊತ್ತೇ ಎಂದು ಕೇಳಿದೆ.

ಮೊದಲು ಬಾಗಿಲು ತೆಗೆಯಪ್ಪಾ ಎಂದಿತು ಒಂದು ಗಂಡು ದನಿ. ಇನ್ನೊಬ್ಬರು ಹಾಸ್ಟೆಲ್ಲೊಂದರ ಹೆಸರು ಹೇಳಿದರು, ಅದು ಗಂಡು ಮಕ್ಕಳದು ಎಂದು ಮತ್ತೊಬ್ಬರು ತಿದ್ದಿದರು. ಒಳಗೆ ಅದರ ಮೇಲೇ ಚರ್ಚೆ ನಡೆಯಿತು, ಯಾರೂ ಗಾಬರಿಯಾಗಲಿಲ್ಲ, ಅದೊಂದು ಲಾಭ. ಕೊನೆಗೆ ಬಾಗಿಲು ತೆಗೆದಾಗ ಒಬ್ಬ ವಯಸ್ಸಾದ ಹೆಂಗಸು ನನ್ನ ಕೈ ಹಿಡಿದು ಕೆಳಗಿಳಿದು, ನೆಂಟರು ಯಾರೂ ಇಲ್ಲವೇ ಅಲ್ಲಿ ಎಂದು ಕೇಳಿದರು.

“ಅಕ್ಕ ಇದ್ದಾಳೆ,” ಎಂದೆ.

ಆಕೆ ನನ್ನನ್ನು ನೋಡಿದ ರೀತಿ. ಇಪ್ಪತ್ತು ನಿಮಿಷ ಇದಕ್ಕೆ ನಮ್ಮನ್ನು ಕೂಡಿಹಾಕಿದೆಯಾ ಎನ್ನುವ ಹಾಗೆ.

ಏಪ್ರಿಲ್ 8

ನೆಂಟರ ಮನೆಯಲ್ಲಿದ್ದರೆ ಕಾಲು ಭಾಗ ಸಾಕು ಎಂಬುದನ್ನು ನೆನ್ನೆ ರಾತ್ರಿ ಹೆಂಡತಿಗೆ ಹೇಳಿದ್ದೆ. ಬೆಳಿಗ್ಗೆ ಅವಳು ಒಂದು ಚೀಟಿ ನನ್ನ ಡಬ್ಬಿಯ ಮೇಲೆ ಇಟ್ಟಳು. ಅಕ್ಕನ ಫೋನ್ ನಂಬರು. ಅದೇ ಹಳೆಯ ನಂಬರು, ನನಗೆ ಬಾಯಿಪಾಠವೇ ಇತ್ತು. ಮೂರು ಕಡೆ ಕೆಲಸ ಮುಗಿಸಿ, ನಾಲ್ಕನೇ ಕಡೆ ಬೇಕಿಲ್ಲದ ಬೋಲ್ಟನ್ನೂ ಬಿಗಿಮಾಡಿ, ಮಧ್ಯಾಹ್ನ ಎರಡಕ್ಕೆ ಫೋನ್ ಮಾಡಿದೆ.

“ಹೇಳೋ,” ಎಂದಳು ಅಕ್ಕ. ನೆನ್ನೆ ಮಾತಾಡಿದ್ದವಳ ಹಾಗೆ.

ಏನೇನೋ ಜೋಡಿಸಿಟ್ಟುಕೊಂಡಿದ್ದೆ, ಎಲ್ಲ ಮರೆತುಹೋಯಿತು. “ಅಕ್ಕಾ, ಒಂದು ಸಹಾಯ ಬೇಕಿತ್ತು,” ಎಂದೆ.

ಆ ಕಡೆ ನಲ್ಲಿ ನಿಲ್ಲಿಸಿದ ಸದ್ದು ಕೇಳಿಸಿತು. “ಯಾರಿಗೇನಾಯ್ತು?”

ಯಾರಿಗೂ ಏನೂ ಆಗಿಲ್ಲ ಎಂದು ನಂಬಿಸುವುದಕ್ಕೇ ಎರಡು ನಿಮಿಷ ಬೇಕಾಯಿತು. ನಾನು ಸಹಾಯ ಎಂಬ ಮಾತಾಡಬೇಕಾದರೆ ಯಾರೋ ಆಸ್ಪತ್ರೆಯಲ್ಲಿರಬೇಕು ಎಂದು ಅವಳ ಲೆಕ್ಕ. ಆಮೇಲೆ ಮೇಡಂ ಕರೆಸಿದ್ದರಿಂದ ಹಿಡಿದು ಎಲ್ಲ ಹೇಳಿದೆ. ‘ಇಲ್ಲ’ ಎಂದು ಗುರುತು ಹಾಕಿದ್ದನ್ನೂ ಹೇಳಿದೆ. ನಾಲ್ಕು ವಾರ ಸಾಕಾ ಎಂದು ಕೇಳಿದಳು. ಹುಡುಗಿ ಎಷ್ಟು ಗಂಟೆಗೆ ಏಳುತ್ತಾಳೆ, ಬೆಳಿಗ್ಗೆ ಏನು ತಿನ್ನುತ್ತಾಳೆ, ಫ್ಯಾನ್ ಹಾಕಿದರೆ ಶೀತವಾಗುತ್ತದಾ, ಸಂಸ್ಥೆಗೆ ಯಾವ ಬಸ್ಸು. ಅರ್ಧಕ್ಕರ್ಧ ಪ್ರಶ್ನೆಗೆ ನನ್ನ ಹತ್ತಿರ ಉತ್ತರವಿಲ್ಲ. ಹದಿನೈದು ವರ್ಷ ಒಂದೇ ಮನೆಯಲ್ಲಿದ್ದೇನೆ.

ಇಡುವ ಮುಂಚೆ ಅವಳು ಹೇಳಿದಳು. “ಆ ದುಡ್ಡು ವಾಪಸ್ ಬಂದ ದಿನ ನಿಮ್ಮ ಭಾವ ಊಟ ಮಾಡ್ಲಿಲ್ಲ ಕಣೋ. ನಾವು ಅಷ್ಟು ಹೊರಗಿನವರಾ ಅಂದ್ರು.”

“ತಪ್ಪಾಯ್ತು,” ಎಂದೆ.

“ಆಯ್ತು ಬಿಡು. ಚಪ್ಪಲಿ ಇನ್ನೊಂದು ಜೊತೆ ಕಳಿಸು, ಇಲ್ಲಿ ನಡೆಯೋದು ಜಾಸ್ತಿ.”

ಏಪ್ರಿಲ್ 9

ಸಂಸ್ಥೆಯಾಕೆಗೆ ಮತ್ತೆ ಫೋನು. ಹೋದ ವಾರ ಯಾರೂ ಇಲ್ಲ ಎಂದಿರಲ್ಲ ಎಂದರು. ಈಗ ಇದ್ದಾರೆ ಎಂದೆ. ಆಕೆಗೆ ಪಾಪ, ಇದನ್ನು ಯಾವ ಕಾಲಮ್ಮಿನಲ್ಲಿ ಬರೆಯಬೇಕೋ ತಿಳಿಯಲಿಲ್ಲ. ಹೊಸ ಫಾರಂ, ಅಕ್ಕನ ಒಪ್ಪಿಗೆ ಪತ್ರ, ಅವಳ ಮನೆಯಿಂದ ಸಂಸ್ಥೆಗೆ ಎಷ್ಟು ದೂರ ಎಂಬುದಕ್ಕೆ ಆಧಾರ. ದೂರಕ್ಕೆ ಆಧಾರ ಎಂದರೇನು, ಟೇಪು ಹಿಡಿದು ಅಳೆಯಬೇಕಾ ಎಂದು ಕೇಳಿದೆ. ನಕ್ಷೆಯ ಫೋಟೋ ಸಾಕಂತೆ. ಹಾಗಂತ ಮೊದಲೇ ಬರೆಯುವುದಕ್ಕೇನು ಕಷ್ಟ.

ಕಾಲು ಭಾಗವನ್ನು ಎರಡು ಕಂತಿನಲ್ಲಿ ಕಟ್ಟಬಹುದಾ ಎಂದೆ. ಕಟ್ಟಬಹುದು ಎಂದರು. ದೂರದಿಂದ ಬರುವ ಮಕ್ಕಳಿಗೆ ಬಸ್ಸಿನ ಚಾರ್ಜು ಏನಾದರೂ ಎಂದೆ. ಅದಕ್ಕೊಂದು ಫಾರಂ ಇದೆ, ಯಾರೂ ಕೇಳುವುದಿಲ್ಲ, ಕಳಿಸುತ್ತೇನೆ ಎಂದರು. ಗ್ರಂಥಾಲಯದ ಪುಸ್ತಕ ಮನೆಗೆ ಕೊಡುತ್ತಾರಾ ಎಂದೆ. ಸರ್, ನಿಮ್ಮದು ಇನ್ನೂ ಎಷ್ಟು ಪ್ರಶ್ನೆಗಳಿವೆ ಎಂದರು.

ಇನ್ನೂ ನಾಲ್ಕಿದ್ದವು. ಕೇಳಿದೆ.

ಮೇ 4

ಮಗಳನ್ನು ಬಿಟ್ಟು ಬಂದೆ. ಬಸ್ಸಿನಲ್ಲಿ ಆರು ಗಂಟೆ, ನನಗೆ ಕಿಟಕಿ ಪಕ್ಕ ಸಿಗಲಿಲ್ಲ, ಮುಂದಿನವನು ಸೀಟು ನನ್ನ ಮಂಡಿಯ ಮೇಲೆ ಮಲಗಿಸಿದ.

ಅಕ್ಕನ ತಲೆ ಪೂರ್ತಿ ಬೆಳ್ಳಗಾಗಿದೆ. ಯಾರೂ ಹೇಳಿರಲಿಲ್ಲ, ಯಾರು ಹೇಳಬೇಕು. ಭಾವ ಬಾಗಿಲಲ್ಲಿ ನಿಂತು ನನ್ನ ಕೈಯಿಂದ ಚೀಲ ತೆಗೆದುಕೊಂಡರು. ಭುಜ ಈಗ ಹೇಗಿದೆ ಎಂದು ಕೇಳಿದರು. ಆರು ವರ್ಷದ ಹಿಂದೆ ಮುರಿದ ಭುಜ. ಚಳಿಗೆ ಸ್ವಲ್ಪ ಹಿಡಿಯುತ್ತದೆ ಎಂದೆ. ಹೌದಾ, ನನಗೆ ಮಂಡಿ ಹಾಗೇ ಎಂದರು. ಅಷ್ಟೇ ಮಾತು. ಅಷ್ಟಕ್ಕೇ ಯಾಕೋ ನನಗೆ ಕುಡಿಯಲು ನೀರು ಬೇಕಾಯಿತು.

ಕಿಟಕಿಯ ಹತ್ತಿರ ಮಗಳಿಗೊಂದು ಮೇಜು ಹಾಕಿದ್ದರು. ಅವಳು ಕೂತು ನೋಡಿದಳು, ಮೇಜಿನ ಒಂದು ಕಾಲು ಅಲುಗುತ್ತಿತ್ತು. ಭಾವನೂ ನಾನೂ ಸೇರಿ ಅದನ್ನು ಸರಿಮಾಡಿದೆವು. ಹದಿನೈದು ನಿಮಿಷದ ಕೆಲಸಕ್ಕೆ ಮುಕ್ಕಾಲು ಗಂಟೆ, ಯಾಕೆಂದರೆ ಅವರಿಗೆ ಪ್ರತಿಯೊಂದಕ್ಕೂ ಅವರದೇ ಒಂದು ವಿಧಾನ. ವಾದ ಮಾಡಲಿಲ್ಲ. ಸ್ವಲ್ಪ ಮಾಡಿದೆ.

ಮೇ 19

ಸಂಜೆ ಮಗಳು ಫೋನ್ ಮಾಡಿದಳು. ಊಟ ಆಯಿತಾ, ಅಮ್ಮ ಹೇಗಿದ್ದಾಳೆ, ಒಂದೂ ಇಲ್ಲ. ಹತ್ತು ಮಹಡಿಯ ಕಟ್ಟಡದಲ್ಲಿ ಎಂಟನೇ ಮಹಡಿಯವರು ಲಿಫ್ಟಿನ ಬಗ್ಗೆ ಏನಂತ ದೂರು ಕೊಡುತ್ತಾರೆ ಎಂದು ಕೇಳಿದಳು.

ಇದೇನು ಕೇಳುವ ಮಾತೇ. ಕೆಳಗೆ ಹೋಗಬೇಕೆಂದು ನಿಂತರೆ ಯಾವಾಗಲೂ ಮೇಲೆ ಹೋಗುವ ಲಿಫ್ಟೇ ಮೊದಲು ಬರುತ್ತದೆ ಅಂತ. ಇಪ್ಪತ್ತೆರಡು ವರ್ಷದಿಂದ ಕೇಳುತ್ತಿದ್ದೇನೆ. ಇಪ್ಪತ್ತೆರಡು ವರ್ಷದಿಂದ, ಅದು ನಿಮ್ಮ ಭ್ರಮೆ, ಅವಸರದಲ್ಲಿದ್ದಾಗ ಹಾಗನ್ನಿಸುತ್ತದೆ ಎಂದು ಸಮಾಧಾನ ಹೇಳುತ್ತಿದ್ದೇನೆ.

“ಭ್ರಮೆ ಅಲ್ಲಪ್ಪಾ. ಅವರು ಹೇಳೋದೇ ಸರಿ,” ಎಂದಳು.

ಏನೇನೋ ಹೇಳಿದಳು. ಅರ್ಥವಾಗಲಿಲ್ಲ, ಇನ್ನೊಂದು ಸಲ ಹೇಳು ಎಂದೆ. ಹೇಳಿದಳು. ಆಗಲೂ ಆಗಲಿಲ್ಲ. ಮೇಜಿನ ಮೇಲೆ ಹತ್ತು ನಟ್ಟುಗಳನ್ನು ಸಾಲಾಗಿ ಇಟ್ಟುಕೊಂಡು ಮೂರನೇ ಸಲ ಹೇಳಿಸಿದೆ. ಎಂಟನೆಯವನ ಮೇಲಿರುವುದು ಎರಡೇ ಮಹಡಿ, ಕೆಳಗೆ ಏಳು. ಲಿಫ್ಟು ಹೆಚ್ಚು ಹೊತ್ತು ಅವನ ಕೆಳಗೇ ಎಲ್ಲೋ ಇರುತ್ತದೆ. ಹಾಗಾಗಿ ಕೆಳಗಿನಿಂದಲೇ ಹತ್ತಿ ಬರುತ್ತದೆ. ಇಷ್ಟೇ! ಇಷ್ಟು ಜನರಿಗೆ ಭ್ರಮೆ ಎಂದೆನಲ್ಲ. ಅವರನ್ನೆಲ್ಲ ಈಗ ಎಲ್ಲಿ ಹುಡುಕುವುದು.

ಎರಡು ಲಿಫ್ಟುಗಳಿದ್ದರೂ ಲೆಕ್ಕ ಇದೇ, ಏನೂ ಬದಲಾಗುವುದಿಲ್ಲ ಎಂದಳು. ನಾನು ಹೂಂ ಎನ್ನಬೇಕಿತ್ತು.

“ಇಲ್ಲ ಪುಟ್ಟಿ. ಎರಡು ಮೂರು ಲಿಫ್ಟು ಇರೋ ಕಡೆ ಆ ದೂರು ಬರೋದೇ ಕಡಿಮೆ.”

“ಗ್ಯಾರಂಟಿನಾ?”

“ದೂರು ಕೇಳಿಸಿಕೊಳ್ಳೋನು ನಾನು.”

“ಅಪ್ಪಾ, ಇಡ್ತೀನಿ,” ಎಂದಳು, ಇಟ್ಟೇಬಿಟ್ಟಳು. ವಾಪಸ್ ಮಾಡಿದರೆ ಅಕ್ಕ ಎತ್ತಿಕೊಂಡು, ಅವಳು ಗೋಡೆ ನೋಡುತ್ತಾ ಕೂತಿದ್ದಾಳೆ, ಮಾತಾಡಿಸಬೇಡ ಎಂದಳು.

ಇದು ಎಂಥ ಪದ್ಧತಿ? ಒಬ್ಬನ ತಲೆಯೊಳಗೆ ಹುಳ ಬಿಟ್ಟು ಹೀಗೆ ಎದ್ದು ಹೋಗುವುದಾ? ನಟ್ಟುಗಳನ್ನು ಇನ್ನೊಂದು ಸಾಲು ಜೋಡಿಸಿಕೊಂಡು ಒಂದು ಗಂಟೆಯಿಂದ ಕೂತಿದ್ದೇನೆ. ಎರಡನೇ ಲಿಫ್ಟನ್ನು ಎಲ್ಲಿ ನಿಲ್ಲಿಸಿದರೂ ಲೆಕ್ಕ ಎಲ್ಲೋ ಒಂದು ಕಡೆ ಸಿಕ್ಕಿಹಾಕಿಕೊಳ್ಳುತ್ತದೆ. ಹೆಂಡತಿ ಊಟಕ್ಕೆ ಎರಡು ಸಲ ಕರೆದಳು, ಮೂರನೇ ಸಲ ತಟ್ಟೆಯನ್ನು ಮೆಲ್ಲಗೆ ತಂದಿಟ್ಟು ಹೋಗಿದ್ದಾಳೆ.

ನಾಳೆ ಗಣಿತದ ಮೇಡಂಗೆ ಫೋನ್ ಮಾಡಿ ಕೇಳಬೇಕು. ನಾಳೆವರೆಗೆ ಯಾಕೆ, ಇನ್ನೂ ಎಂಟು ಗಂಟೆ ಆಗಿಲ್ಲ. ಈಗಲೇ ಮಾಡುತ್ತೇನೆ.